ಇಲ್ಲದ ಕಾಲುಸಂಕ

ನಾನು ನಡೆಯದ ದಾರಿಯನ್ನು ನಡೆದೆನೆಂದು ಬರೆದೆ. ಅದನ್ನು ನಂಬಿ ಹೊರಟ ಸ್ನೇಹಿತರೊಬ್ಬರು, ಅಲ್ಲಿ ಆದ ಅನಾಹುತಕ್ಕೆ ತಾವೇ ಕಾರಣವೆಂದು ಏಳು ವರ್ಷ ತಿಳಿದುಕೊಂಡಿದ್ದರು — ಹಾಗೆ ತಿಳಿಯುವಂತೆ ಮಾಡಿದವಳೂ ನಾನೇ. ಮೊದಲನೆಯದನ್ನು ಪ್ರಮಾದವೆನ್ನಬಹುದೇನೋ. ಎರಡನೆಯದಕ್ಕೆ ಬೇರೆ ಹೆಸರಿದೆ.

ಬರೆಯಲು ಕೂರುವ ಮೊದಲು ಅಭ್ಯಾಸದಂತೆ ದಿನಾಂಕಗಳನ್ನು ತಾಳೆ ನೋಡಿದೆ. ಅವರು ದೆಹಲಿಯಿಂದ ಹೊರಟದ್ದು ೨೦೦೨ರ ಡಿಸೆಂಬರಿನ ಕೊನೆಯ ವಾರ. ನನ್ನ ದಿನಚರಿಯೂ ಅವರು ಘಟ್ಟದ ಮೇಲಿನ ಹಳ್ಳಿಯಿಂದ ಹಾಕಿದ ಕಾರ್ಡಿನ ಅಂಚೆ ಮುದ್ರೆಯೂ ಒಪ್ಪುತ್ತವೆ. ನಾನು ಅದೇ ದಾರಿಗೆ ಹೋಗಿದ್ದು ಅದರ ಹಿಂದಿನ ವರ್ಷದ ನವೆಂಬರಿನಲ್ಲಿ. ಅದಕ್ಕೂ ಎರಡು ಆಧಾರಗಳಿವೆ: ಒಂದು ದಿನಚರಿ, ಇನ್ನೊಂದು ಬಸ್ ಟಿಕೆಟ್ಟು. ಆ ಟಿಕೆಟ್ಟಿನ ಮಾತಿಗೆ ಮತ್ತೆ ಬರಬೇಕು — ಬಾರದೆ ಇರಲು ಇಷ್ಟು ವರ್ಷ ಪ್ರಯತ್ನಿಸಿದ್ದು ಸಾಕು.

ನನ್ನ ಸಂಶೋಧನೆ ಹೇರೆತ್ತಿನ ದಾರಿಗಳ ಮೇಲೆ. ಉತ್ತರ ಕನ್ನಡದ ಘಟ್ಟದ ಮೇಲಿಂದ ಮೆಣಸು ಹೊತ್ತ ಎತ್ತುಗಳು ಕಡಲ ಬಂದರುಗಳಿಗೆ ಇಳಿಯುತ್ತಿದ್ದ ಕಾಲುದಾರಿಗಳವು. ನಿವೃತ್ತಿಯ ಅಂಚಿನಲ್ಲಿ ಅಂಥದೊಂದು ದಾರಿಯನ್ನು ಆರು ದಿನ ನಡೆದು, ಪರಿಚಿತರಿಗಾಗಿ ದಿನಕ್ಕೊಂದು ಪುಟದಂತೆ ಟಿಪ್ಪಣಿ ಸಿದ್ಧಪಡಿಸಿದೆ. ಎಲ್ಲಿಂದ ಹೊರಡಬೇಕು, ಎಲ್ಲಿ ತಿರುಗಬೇಕು, ಯಾರ ಮನೆಯಲ್ಲಿ ಉಳಿಯಬಹುದು, ಎಲ್ಲವೂ ಅದರಲ್ಲಿತ್ತು. ದಾರಿ ತೋರಿಸುವವರ ಅಗತ್ಯವೇ ಇಲ್ಲ, ಈ ಆರು ಪುಟ ಕೈಯಲ್ಲಿದ್ದರೆ ಸಾಕು ಎಂದು ಹೆಮ್ಮೆಯಿಂದ ಹೇಳಿಕೊಂಡೆ. ಪ್ರತಿ ಪುಟದ ಕೆಳಗೂ ಬರೆದೆ: ‘ನಾನೇ ನಡೆದು ನೋಡಿದ್ದು.’

ಮೂರನೆಯ ದಿನ ನಾನು ನಡೆದಿರಲಿಲ್ಲ.

ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತು. ಬೆಳಿಗ್ಗೆ ಬಸ್ಸು ಹತ್ತಿ, ಸುತ್ತುಬಳಸಿನ ರಸ್ತೆಯಲ್ಲಿ ಕುಳಿತೇ ಘಟ್ಟ ಇಳಿದೆ. ಟಿಕೆಟ್ಟಿನ ಹಿಂದೆ ಅಂದಿನ ದಿನಾಂಕವನ್ನೂ ಬರೆದಿಟ್ಟೆ — ಏನನ್ನೇ ಆಗಲಿ ದಿನಾಂಕವಿಲ್ಲದೆ ಎತ್ತಿಡುವವಳಲ್ಲ ನಾನು. ಆ ದಿನದ ಪುಟವನ್ನು ದೆಹಲಿಗೆ ಮರಳಿದ ಮೇಲೆ, ಮುನಿರ್ಕಾದ ನನ್ನ ಮನೆಯಲ್ಲಿ ಕುಳಿತು, ಒಂದು ಹಳೆಯ ವರದಿ ಮತ್ತು ಅನಂತರದ ಒಬ್ಬ ಅಧಿಕಾರಿಯ ಪ್ರವಾಸ ಟಿಪ್ಪಣಿಯಿಂದ ರಚಿಸಿದೆ. ಎರಡೂ ಒಂದೇ ಮಾತು ಹೇಳುತ್ತಿದ್ದವು: ಹೊಳೆಯನ್ನು ಎಡಕ್ಕಿಟ್ಟುಕೊಂಡು ಇಳಿಯಬೇಕು, ಕಾಲುಸಂಕ, ಅಂದರೆ ಮರದ ಕಿರುಸೇತುವೆ, ಸಿಗುತ್ತದೆ, ಸಂಕ ದಾಟಿ ಹೊಳೆಯನ್ನು ಬಲಕ್ಕಿಟ್ಟುಕೊಂಡು ನಡೆದರೆ ಒಂದು ಗಂಟೆಯಲ್ಲಿ ಊರು. ಎರಡು ಆಧಾರಗಳು ಒಪ್ಪಿದ ಮೇಲೆ ಇನ್ನೇನು? ಎರಡನೆಯವನು ಮೊದಲಿನದನ್ನೇ ನೋಡಿ ಬರೆದಿರಬಹುದಲ್ಲವೇ ಎಂಬ ಪ್ರಶ್ನೆ — ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ನಾನೇ ಕಲಿಸಿದ ಮೊದಲ ಪಾಠವದು — ಅಂದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆದದ್ದನ್ನು ನಾನು ನಿಲ್ಲಗೊಡಲಿಲ್ಲ.

ಆ ಸ್ನೇಹಿತರೇ ಸುಧಾಕರ. ದೆಹಲಿಯಲ್ಲೇ, ವಸಂತ್ ಕುಂಜಿನಲ್ಲಿದ್ದಾರೆ; ಚಿತ್ರದುರ್ಗದ ಕಡೆಯವರು, ರಸಾಯನಶಾಸ್ತ್ರಜ್ಞರು. ಅವರ ಹೆಂಡತಿ ವಿಮಲಾ ಶಾಲಾ ಶಿಕ್ಷಕಿ. ದಿನವೂ ಬೆಳಿಗ್ಗೆ ಐದು ಕಿಲೋಮೀಟರು ನಡೆಯುತ್ತಿದ್ದವರು. ವಿಮಲಾ ಸಮುದ್ರ ನೋಡಿಲ್ಲವೆಂದಲ್ಲ. “ಬಸ್ಸಿಂದ ಇಳಿದು ನೋಡಿದ್ದೀನಿ ಮೇಡಂ, ಅದು ನೋಡಿದ ಹಾಗಲ್ಲ” ಎನ್ನುತ್ತಿದ್ದರು. ನಡೆದು ನಡೆದು, ಮೊದಲು ಗಾಳಿ ಬದಲಾಗಬೇಕು, ಆಮೇಲೆ ಸದ್ದು ಕೇಳಬೇಕು, ಕೊನೆಗೆ ನೀರು ಕಾಣಬೇಕು — ಹಾಗೆ ನೋಡುವುದು ಅವರ ಆಸೆಯಾಗಿತ್ತು. ನನ್ನ ಆರು ಪುಟಗಳನ್ನು ಸುಧಾಕರ ಎರಡೂ ಕೈಯಲ್ಲಿ ಇಸಿದುಕೊಂಡರು.

“ಎಲ್ಲಾ ನೀವೇ ನಡೆದಿರೋದಲ್ವಾ, ಭಾರತಿ ಮೇಡಂ? ಮಗು ಇರ್ತಾಳೆ ಜೊತೇಲಿ, ಅದಕ್ಕೆ ಕೇಳ್ದೆ.”

“ಹೌದು” ಎಂದೆ.

ಮಗು ಎಂದರೆ ಪಲ್ಲವಿ. ಆಗ ಅವಳಿಗೆ ಹನ್ನೆರಡು.

ಮೂರನೆಯ ದಿನ ಅವರಿಗೆ ಸಂಕ ಸಿಗಲಿಲ್ಲ. ಇನ್ನೂ ಮುಂದಿರಬೇಕೆಂದು ಇಳಿಯುತ್ತ ಹೋದರು. ದಾರಿ ಸವೆದು ಸವೆದು ಇಲ್ಲವಾಯಿತು. ಕೊನೆಗೆ ಬಂಡೆಗಳ ಮೇಲೆ ಕಾಲಿಟ್ಟು ಹೊಳೆ ದಾಟಲು ಹೋದಾಗ ವಿಮಲಾ ಜಾರಿ ಬಿದ್ದರು. ಬಲಗಾಲಿನ ಪಾದದ ಕೀಲು ಮುರಿಯಿತು. ಸುಧಾಕರ ಕೂಗುತ್ತ ಓಡಿ ಸೊಪ್ಪು ಕಡಿಯುತ್ತಿದ್ದವರನ್ನು ಕರೆತರುವವರೆಗೆ ಪಲ್ಲವಿ ಒಬ್ಬಳೇ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕಂಬಳಿಯಲ್ಲಿ ಹೊತ್ತು ತಂದರು, ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಸಮುದ್ರ ಇನ್ನು ಮೂರು ದಿನದ ನಡಿಗೆಯಷ್ಟು ದೂರವಿತ್ತು. ಅದನ್ನು ನೋಡದೆಯೇ ರೈಲು ಹತ್ತಿದರು. ಎರಡು ಶಸ್ತ್ರಚಿಕಿತ್ಸೆಗಳ ನಂತರವೂ ಆ ಕಾಲು ಮೊದಲಿನಂತೆ ಮಡಚಲಿಲ್ಲ. ಬೆಳಗಿನ ನಡಿಗೆ ನಿಂತಿತು.

ಅವರು ಮರಳಿದ ನಂತರದ ಭಾನುವಾರ ಸುಧಾಕರ ನನ್ನ ಮನೆಗೆ ಬಂದರು. ಮೂರನೆಯ ಪುಟ ಅವರ ಕೈಯಲ್ಲಿತ್ತು; ಹೊಳೆಯ ನೀರು ಹತ್ತಿ ಅಂಚು ಮುದುಡಿತ್ತು.

“ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ ಮೇಡಂ. ಸಂಕಾನೇ ಇರಲಿಲ್ಲ ಅಲ್ಲಿ.”

ನಾನು ಪುಟ ನೋಡಿದೆ. ಕೆಳಗಿನ ನನ್ನ ಅಕ್ಷರಗಳನ್ನು ನೋಡಿದೆ. ಹೇಳಬಹುದಾಗಿತ್ತು — ಆ ಕ್ಷಣದಲ್ಲಿ ಹೇಳಿದ್ದರೆ ಅದು ಒಂದು ದಿನದ ಸಿಟ್ಟು, ಒಂದು ವರ್ಷದ ಮುನಿಸು. ಮದುವೆಯ ಕರೆಯೋಲೆಯ ವಾರ ತಾರೀಖುಗಳನ್ನೂ ಪಂಚಾಂಗ ತೆಗೆದು ತಾಳೆ ನೋಡುವವಳೆಂದು ಇಲ್ಲಿಯ ಕನ್ನಡಿಗರೆಲ್ಲ ನಗೆಯಾಡುವ ಹೆಂಗಸು ನಾನು. ಆ ನಗೆಯೇ ನನ್ನ ಗೌರವವೂ ಆಗಿತ್ತು.

“ಸಂಕ ಇದೆ. ನಾನೇ ದಾಟಿದ್ದೇನೆ. ನೀವು ಮೊದಲೇ ಎಲ್ಲೋ ತಿರುಗಿರಬೇಕು” ಎಂದೆ.

“ಹಾಗೇ ಇರಬೇಕು. ನಾನೇ ಸರಿಯಾಗಿ ಓದಲಿಲ್ಲ” ಎಂದರು. ಪುಟ ನನ್ನ ಬಳಿಯೇ ಉಳಿಯಿತು.

ಅವರು ಹೋದ ಮೇಲೆ ನಾನು ಮಾಡಿದ್ದೇನು? ಅತ್ತೆನೇ? ಇಲ್ಲ — ಪರಿಶೀಲಿಸಿದೆ. ಹಳೆಯ ವರದಿಯಲ್ಲಿ ಎರಡು ಹಳ್ಳಿಗಳ ನಡುವಿನ ದೂರ ತಪ್ಪಾಗಿತ್ತು; ಪ್ರವಾಸ ಟಿಪ್ಪಣಿಯಲ್ಲೂ ಅದೇ ತಪ್ಪು ದೂರ. ನಡೆದವನು ಅದೇ ತಪ್ಪನ್ನು ಮಾಡಲಾರ, ನಕಲು ಮಾಡಿದವನು ಮಾತ್ರ ಮಾಡಬಲ್ಲ. ಕೆಳಗಿನ ಊರಿನ ಶಾಲೆಯ ಮಾಸ್ತರರಿಗೆ ಪತ್ರ ಬರೆದೆ. ಅವರ ಉತ್ತರ ಇನ್‌ಲ್ಯಾಂಡ್ ಪತ್ರದಲ್ಲಿ ಬಂತು: ಆ ಸಂಕ ತಮ್ಮ ಅಜ್ಜನ ಕಾಲದಲ್ಲೇ ಕೊಚ್ಚಿಹೋಯಿತಂತೆ, ಆ ದಾರಿಯಲ್ಲಿ ಈಗ ಯಾರೂ ಹೋಗುವುದಿಲ್ಲ. ಮುದುಡಿದ ಪುಟ, ಬಸ್ ಟಿಕೆಟ್ಟು, ಈ ಪತ್ರ — ಮೂರನ್ನೂ ಒಂದು ಲಕೋಟೆಗೆ ಹಾಕಿ, ಮೇಲೆ ದಿನಾಂಕ ಬರೆದು ಎತ್ತಿಟ್ಟೆ. ಸತ್ಯವನ್ನು ಅಷ್ಟು ಅಚ್ಚುಕಟ್ಟಾಗಿ ಬಚ್ಚಿಟ್ಟವರು ಕಡಿಮೆ.

ಸುಧಾಕರರ ಮನೆಯಲ್ಲಿ ಅವರು ದಾರಿ ತಪ್ಪಿದ ಕಥೆ ಕ್ರಮೇಣ ತಮಾಷೆಯಾಯಿತು. ಹಬ್ಬದೂಟಕ್ಕೆ ನಾಲ್ಕು ಮನೆಯವರು ಸೇರಿದರೆ ಯಾರಾದರೊಬ್ಬರು ಎತ್ತುತ್ತಿದ್ದರು: “ಏನ್ ಸುಧಾಕರ್, ಊಟದೆಲೆಗೆ ದಾರಿ ಸಿಕ್ತಾ?” ಆಟೋದಲ್ಲಿ ಅವರು ಬಲಕ್ಕೆ ಎಂದರೆ ಪಲ್ಲವಿ ಮುಂದೆ ಬಾಗಿ, “ಭಯ್ಯಾ, ಪಪ್ಪಾ ಕೀ ಮತ್ ಸುನೋ!” ಎನ್ನುತ್ತಿದ್ದಳು — ಪಪ್ಪನ ಮಾತು ಕೇಳಬೇಡಿ ಎಂದು. ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ವಿಮಲಾ ಮಾತ್ರ ನಗುತ್ತಿರಲಿಲ್ಲ. ಗಂಡನನ್ನು ಬೈಯುತ್ತಲೂ ಇರಲಿಲ್ಲ. ಒಂದು ಕಾಲನ್ನು ಚಾಚಿಕೊಂಡು ಕೂರುತ್ತಿದ್ದರು.

ಸುಧಾಕರ ಕಾರು ಓಡಿಸುವುದನ್ನು ಬಿಟ್ಟರು. ಔಷಧಿಯ ಚೀಟಿಯನ್ನು ಇನ್ನೊಬ್ಬರಿಂದ ಓದಿಸಿ ಕೇಳತೊಡಗಿದರು. ಮೂರು ವರ್ಷದ ಹಿಂದೆ, ನೆನಪಿನ ಶಕ್ತಿ ಪರೀಕ್ಷಿಸಿಕೊಳ್ಳಲು ವೈದ್ಯರ ಬಳಿ ಹೋಗಿದ್ದನ್ನು ನನಗೊಬ್ಬಳಿಗೇ ಹೇಳಿದರು. “ಏನೂ ಇಲ್ಲ ಅಂದ್ರು ಮೇಡಂ. ಆದ್ರೂ… ಅವತ್ತು ಕಣ್ಮುಂದೆ ಇದ್ದ ಸಂಕ ಕಾಣಲಿಲ್ಲ ಅಂದ್ರೆ?” ಲಕೋಟೆ ನಾಲ್ಕು ಹೆಜ್ಜೆ ಆಚೆಯ ಕಪಾಟಿನಲ್ಲಿತ್ತು. ನಾನು ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಕಳೆದ ತಿಂಗಳು, ೨೦೦೯ರ ನವೆಂಬರಿನಲ್ಲಿ, ಪಲ್ಲವಿ ಬಂದಳು. ಈಗ ಕಾಲೇಜಿನಲ್ಲಿದ್ದಾಳೆ.

“ಆಂಟಿ, ಆ ನೋಟ್ಸ್ ಇನ್ನೂ ಇದೆಯಾ? ನಾವು ನಾಲ್ಕು ಜನ ಫ್ರೆಂಡ್ಸ್ ಜನವರೀಲಿ ಹೋಗ್ತಿದ್ದೀವಿ. ಮಮ್ಮಿಗೋಸ್ಕರ ಸಮುದ್ರದ ತನಕ ನಡೀತೀನಿ. ಪಪ್ಪಾ ಥರ ಗಡ್‌ಬಡ್ ಮಾಡಲ್ಲ, ಪಕ್ಕಾ!”

ಎರಡು ದಿನ ಬಿಟ್ಟು ಬಾ ಎಂದೆ. ಆ ಎರಡು ದಿನ ಮನೆಯೊಳಗೇ ಅಡ್ಡಾಡಿದೆ. ಮಾಸ್ತರರಿಗೆ ಫೋನು ಮಾಡಿ ಈಗಿನ ದಾರಿ ಕೇಳಿ, ಮೂರನೆಯ ದಿನಕ್ಕೆ ಹೊಸ ಪುಟ ಬರೆದೆ. ಒಂದು ಅಕ್ಷರವೂ ತಪ್ಪಿಲ್ಲದ ಪುಟ. ಹುಡುಗಿಯರು ಸುರಕ್ಷಿತವಾಗಿ ಹೋಗಿಬರುತ್ತಾರೆ, ಯಾರಿಗೂ ಏನೂ ತಿಳಿಯುವುದಿಲ್ಲ — ಎಷ್ಟು ಹಗುರವೆನಿಸಿತು! ಕೆಳಗೆ ಸಹಿ ಹಾಕಲು ಹೋದಾಗ ಪಲ್ಲವಿ ಮರಳಿ ಬಂದು ಅಪ್ಪನೆದುರು ನಿಲ್ಲುವುದು ಕಣ್ಣಿಗೆ ಕಟ್ಟಿತು: ‘ಎಷ್ಟು ಈಸಿ ಇತ್ತು ಪಪ್ಪಾ, ಆಂಟಿ ಬರೆದ ಹಾಗೇ ಹೋದ್ವಿ.’ ನನ್ನ ಸರಿಯಾದ ಪುಟವೇ ಅವರ ತಪ್ಪಿಗೆ ಕೊನೆಯ ಸಾಕ್ಷಿಯಾಗುತ್ತಿತ್ತು. ಅದನ್ನು ಹರಿದು ಹಾಕಿದೆ.

ಭಾನುವಾರ ಬರುತ್ತೇನೆಂದು ಸುಧಾಕರರಿಗೆ ಫೋನು ಮಾಡಿದೆ. “ಬನ್ನಿ ಮೇಡಂ. ದಾರಿ ಮರೆತ್ರೆ ಪಲ್ಲವೀನ ಕೇಳಿ, ನನ್ನನ್ನ ಕೇಳ್ಬೇಡಿ ಮತ್ತೆ!” ಎಂದು ತಾವೇ ನಕ್ಕರು.

ಮೂವರೂ ಇದ್ದರು. ಲಕೋಟೆಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಸುಧಾಕರ ಟಿಕೆಟ್ಟನ್ನು ಮುಟ್ಟಲಿಲ್ಲ, ಪತ್ರವನ್ನೂ ಬಿಡಿಸಲಿಲ್ಲ. ಮುದುಡಿದ ಪುಟವನ್ನು ಎತ್ತಿಕೊಂಡು, ಕನ್ನಡಕ ಹಾಕಿಕೊಂಡು, ಪಾಠ ಒಪ್ಪಿಸುವ ಹುಡುಗನ ಹಾಗೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು — ‘ನಾನೇ ನಡೆದು ನೋಡಿದ್ದು’ ಎಂಬಲ್ಲಿಯವರೆಗೆ. ಆಮೇಲೆ ಮಗಳ ಕಡೆ ತಿರುಗಿ ಕೇಳಿದರು:

“ಸರಿಯಾಗಿ ಓದಿದ್ನಾ?”

ಪಲ್ಲವಿ ಅಪ್ಪನ ಮಣಿಕಟ್ಟನ್ನು ಹಿಡಿದುಕೊಂಡಳು.

“ಅವತ್ತೂ ಸರಿಯಾಗೇ ಓದಿದ್ರಿ” ಎಂದೆ ನಾನು.

“ಅದನ್ನ ನೀವು ಹೇಳ್ಬೇಡಿ ಮೇಡಂ” ಎಂದರು ವಿಮಲಾ. ಅವರು ಅಂದು ಆಡಿದ್ದು ಅದೊಂದೇ ಮಾತು. ಮೇಜನ್ನು ಹಿಡಿದು ಎದ್ದು ಒಳಗೆ ಹೋದರು — ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ಏಳು ವರ್ಷದಿಂದ ಆ ಸದ್ದನ್ನು ಕೇಳುತ್ತ ಆ ಮನೆಯಲ್ಲಿ ಎಷ್ಟು ಸಲ ಊಟ ಮಾಡಿದ್ದೇನೆಂಬ ಲೆಕ್ಕವನ್ನು ಮಾತ್ರ ನಾನು ಬರೆದಿಟ್ಟಿಲ್ಲ.

ಇದನ್ನು ಅಚ್ಚಿಗೆ ಕೊಡಲು ಸುಧಾಕರರ ಒಪ್ಪಿಗೆ ಕೇಳಿದೆ, ಕೊಟ್ಟರು. ಅವರನ್ನು ಕಂಡು ನಕ್ಕವರೆಲ್ಲ ಓದಬೇಕು. ಆ ಮೂರನೆಯ ಪುಟ ಈಗ ಅವರ ಬಳಿಯಿದೆ. ನಾನು ವಾಪಸು ಕೇಳಲಿಲ್ಲ.