ವಿಜಯಶ್ರೀ ಮೇಡಂ ಡಬ್ಬಿಗಳು

ಥೈರಾಯ್ಡ್ ಮಾತ್ರೆ ಶುರುವಾದಾಗಿನಿಂದ ನನಗೆ ಬೆನ್ನು ತುರಿಕೆ. ಯಾರೂ ಇಲ್ಲವೆಂದುಕೊಂಡು ಉಳ್ಳೂರಿನ ನಮ್ಮ ಬ್ಯಾಂಕಿನ ಬೀರುವಿಗೆ ಕರಡಿಯ ಹಾಗೆ ಬೆನ್ನುಜ್ಜುತ್ತಿದ್ದೆ. ಬೀರುವಿನ ಬಾಗಿಲು ತೆರೆದುಕೊಂಡು ವಿಜಯಶ್ರೀ ಮೇಡಂ ಇಟ್ಟಿದ್ದ ಒಂಬತ್ತು ವಿಟಮಿನ್ ಮಾತ್ರೆ ಡಬ್ಬಿಗಳು ಉರುಳಿದವು. ಮೇಡಂ ಎದುರಿಗೇ ನಿಂತಿದ್ದರು. "ಕೊಬ್ಬರಿ ಎಣ್ಣೆ ಹಚ್ಚಿ ಸಾರ್, ಬೀರು ಯಾಕೆ?" ಎಂದರು. ಈ ಕಾಯಿಲೆಯಲ್ಲಿ ಅವರು ನನಗಿಂತ ಆರು ವರ್ಷ ಸೀನಿಯರ್. ಬೆಳಗ್ಗೆ ಮಾತ್ರೆ ನುಂಗಿ ಕಾಫಿಗಾಗಿ ಕಾಯುವ ಒಂದು ಗಂಟೆಯಲ್ಲಿ, ಕಿಟಕಿಯಾಚೆ ತೇಲುವ ಮೋಡಗಳಿಗೆಲ್ಲ ನೆಂಟರ ಹೆಸರಿಡುತ್ತಾರಂತೆ. ಒಣಗಿದ ಕೈಗಳಿಗೆ ಅವರು ಸವರಿಕೊಳ್ಳುವ ಎಣ್ಣೆಯಿಂದ ನಮ್ಮ ಪಾಸ್‌ಬುಕ್ಕುಗಳೂ ಘಮಘಮಿಸುತ್ತ ಗಿರಾಕಿಗಳಿಗೆ ಜೊಂಪು ಹತ್ತಿಸುತ್ತವೆ. ಡಬ್ಬಿಗಳನ್ನು ಆರಿಸಿ ತರುವವರು ಮಾತ್ರ ದೂರದ ಕಳಮಶ್ಶೇರಿಯಲ್ಲೇ ಇದ್ದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರ ಯಜಮಾನರು ಶ್ರೀಹರಿ. ಚರ್ಮಕ್ಕೆ ಬಯೋಟಿನ್, ಕೂದಲಿಗೆ ಜಿಂಕ್ ಎಂದು ಓದಿ ತಿಳಿದವರು. ಹಳೆಯದು ಮುಗಿಯಿತೆಂದು ಮೇಡಂ ಫೋನ್ ಮಾಡಿದ ವಾರವೇ ಹೊಸ ಡಬ್ಬಿ ಹಿಡಿದು ರೈಲು ಹತ್ತುತ್ತಾರೆ. ಡಾಕ್ಟರೋ, ಬಯೋಟಿನ್‌ನಿಂದ ರಕ್ತಪರೀಕ್ಷೆಯ ಫಲಿತಾಂಶ ತಪ್ಪಾಗಬಹುದು, ಸದ್ಯಕ್ಕೆ ಯಾವುದೂ ಬೇಡ ಎಂದಿದ್ದಾರೆ. ಎತ್ತಿಕೊಡುವಾಗ ನೋಡಿದೆ: ಒಂದು ಡಬ್ಬಿಯ ಸೀಲೂ ಒಡೆದಿರಲಿಲ್ಲ. "ಇವುಗಳಿಂದ ಏನಾದರೂ ಗುಣ ಕಂಡಿತಾ ಮೇಡಂ?" ಎಂದೆ. "ಕಂಡಿತು ಸಾರ್. ಮೊದಲು ಯಜಮಾನ್ರು ಓಣಂಗೆ, ಯುಗಾದಿಗೆ ಮಾತ್ರ ಬರ್ತಿದ್ರು. ಈಗ ತಿಂಗಳಿಗೊಂದ್ಸಲ ಬರ್ತಾರೆ" ಎಂದರು.