ಆಕ್ಸಾನ್ ಉಳಿದಿದೆಯೇ ಎಂದು ನೋಡುವ ಉಜ್ವಲಾ

ಜಮಖಂಡಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಸಣ್ಣ ಖಾಸಗಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಉಜ್ವಲಾ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ದಾನಮ್ಮನವರ ಪಾದಗಳಿಗೆ ಸುತ್ತುತ್ತಿದ್ದಾರೆ. ಕಾಲು ತಣ್ಣಗಿದ್ದರೆ ನರದೊಳಗಿನ ಸಂದೇಶ ನಿಧಾನವಾಗುತ್ತದೆ, ಪರೀಕ್ಷೆ ದಾರಿ ತಪ್ಪಿಸುತ್ತದೆ.

"ಈ ಸಲಾನರ ಛಲೋ ಬರತೈತೇನ್ರಿ ಬಾಯಾರ?" ಎಂದು ದಾನಮ್ಮ ಕೇಳುತ್ತಾರೆ.

"ನೋಡೂಣು ತಡೀರಿ," ಎನ್ನುತ್ತಾರೆ ಉಜ್ವಲಾ. ಫಲಿತಾಂಶ ಹೇಳುವುದು ಡಾಕ್ಟರ ಕೆಲಸ.

ಬೀಳಗಿಯ ಉಜ್ವಲಾ ಇಲ್ಲಿ ನರ ಪರೀಕ್ಷೆಯ ತಂತ್ರಜ್ಞೆ. ಮುಧೋಳ, ರಬಕವಿ, ಗಲಗಲಿ ಕಡೆಯಿಂದ ದಿನಕ್ಕೆ ಏಳೆಂಟು ಮಂದಿ ಬರುತ್ತಾರೆ: ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು, ಕೈ ಮರಗಟ್ಟಿದ ನೇಕಾರರು. ಚರ್ಮದ ಮೇಲೆ ತುಸುವೇ ವಿದ್ಯುತ್ ಹಾಯಿಸಿದರೆ ಪರದೆಯಲ್ಲಿ ಅಲೆಯೊಂದು ಏಳುತ್ತದೆ. ಆ ಅಲೆ ಹೇಳುವುದು ಆಕ್ಸಾನಿನ ಸುದ್ದಿ.

ನರಕೋಶದಿಂದ ಹೊರಟು ಸ್ನಾಯುವಿನವರೆಗೆ ಸಂದೇಶ ಒಯ್ಯುವ ಉದ್ದನೆಯ ಎಳೆಯೇ ಆಕ್ಸಾನ್. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಗಾಡಿಯ ಅಚ್ಚು ಎಂದರ್ಥ. ಎಳೆಯ ಮೇಲಿನ ಹೊದಿಕೆ ಹಾಳಾದರೆ ಅಲೆ ತಡವಾಗುತ್ತದೆ. ಸಾಮಾನ್ಯವಾಗಿ ಬೇಗ ಚೇತರಿಕೆ. ಎಳೆಗೇ ಪೆಟ್ಟಾದರೆ ಅಲೆ ಕುಗ್ಗುತ್ತದೆ, ಕೆಲವೊಮ್ಮೆ ಏಳುವುದೇ ಇಲ್ಲ. ಆಗ ಕಾಯಬೇಕು, ಎಷ್ಟು ದಿನವೆಂದು ಯಾರೂ ಹೇಳಲಾರರು.

ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದ ದಾನಮ್ಮನವರನ್ನು ಕಳೆದ ಮಳೆಗಾಲದಲ್ಲಿ ಇಲ್ಲಿಗೆ ಹೊತ್ತು ತಂದಿದ್ದರು. ಭೇದಿ ನಿಂತ ವಾರದಲ್ಲೇ ಎರಡೂ ಕಾಲು ಸೋತಿದ್ದವು. ಅಪರೂಪಕ್ಕೆ ಇಂಥ ಸೋಂಕಿನ ಬೆನ್ನಿಗೆ ದೇಹವೇ ತನ್ನ ನರಗಳಿಗೆ ಪೆಟ್ಟು ಕೊಡುತ್ತದೆ. ಪರೀಕ್ಷೆಯ ನಡುವೆ ಅವರ ದನಿ ಕ್ಷೀಣಿಸಿತು.

"ದಿಂಬಿನ ಮ್ಯಾಲಿಂದ ತಲಿ ಎತ್ರಿ ಅಂದೆ. ಎತ್ತಾಕ ಆಗವಲ್ದು. ಕುತ್ತಿಗಿ ಸೋತ್ರ ಉಸಿರೂ ಸೋಲಬಹುದು ನೋಡ್ರಿ. ವೈರ್ ಕಿತ್ತು ಡಾಕ್ಟರ್ ಕಡೆ ಓಡಿದೆ. ಅರ್ಧಕ್ಕ ಬಿಟ್ಟಿದ್ದಕ್ಕ ಬೈತಾರೇನೋ ಅಂತ ಹೆದರಿಕೀನೂ ಇತ್ತು," ಎಂದು ನೆನೆಯುತ್ತಾರೆ ಉಜ್ವಲಾ.

ಡಾ. ಗೌರೀಶ ಬೈಯಲಿಲ್ಲ. ಆಂಬುಲೆನ್ಸ್ ತರಿಸಿ ಬೆಳಗಾವಿಗೆ ಕಳಿಸಿದರು. ಅಲ್ಲಿ ತಲುಪಿದೊಡನೆ ದಾನಮ್ಮನವರನ್ನು ಉಸಿರಾಟದ ಯಂತ್ರಕ್ಕೆ ಹಾಕಿದರು. ಬದುಕಿದ್ದಾರೋ ಇಲ್ಲವೋ ತಿಳಿಯದೆ ಉಜ್ವಲಾ ವಾರಗಟ್ಟಲೆ ಒದ್ದಾಡಿದರು. ಬದುಕಿದ್ದರು, ಆದರೆ ಆಕ್ಸಾನಿಗೇ ಪೆಟ್ಟಾಗಿತ್ತು. ಕೈಗಳಿಗೆ ಬಲ ಮರಳಿತು, ಕಾಲಿಗೆ ಮರಳಲಿಲ್ಲ. ಹಿಂದಿನ ಪರೀಕ್ಷೆಯಲ್ಲಿ ಎರಡೂ ಪಾದಗಳದ್ದು ಬರೀ ನೇರ ಗೆರೆ.

ಇಂದು ಬಲಗಾಲಿನದು ಹಾಗೆಯೇ ಇದೆ. ಉಜ್ವಲಾ ಎಡಗಾಲಿಗೆ ಬರುತ್ತಾರೆ. ಗುಂಡಿ ಒತ್ತುತ್ತಾರೆ. ಪಾದ ಸಣ್ಣಗೆ ಅದುರುತ್ತದೆ. ಪರದೆಯಲ್ಲಿ ಗಿಡ್ಡ ಅಲೆ. ಮತ್ತೆ ಒತ್ತುತ್ತಾರೆ, ಮತ್ತೆ ಅದೇ ಅಲೆ.

ಗೌರೀಶ ಬಂದು ನೋಡುತ್ತಾರೆ. "ಎಡಗಾಲಾಗ ಎಳಿ ಚಿಗುರಾಕತ್ತಾವ್ರಿ. ಬಲಗಾಲಿಂದು ಇನ್ನೂ ಹೇಳಾಕ ಬರೂದಿಲ್ಲ."

"ನನಗ ಆಗಳೇ ಗೊತ್ತಾತ್ರಿ," ಎನ್ನುತ್ತಾರೆ ದಾನಮ್ಮ, ಕಣ್ಣೊರೆಸಿಕೊಳ್ಳುತ್ತ. "ಬಾಯಾರು ನಕ್ಕರಲ್ಲ."

ಉಜ್ವಲಾಗೆ ನಾಚಿಕೆ. "ಮಂದಿ ಪರದೆ ನೋಡೂದಿಲ್ರಿ, ನನ್ನ ಮಾರಿ ನೋಡತಾರ. ಅದಕ್ಕ ಮಾರಿ ಬಿಗಿ ಹಿಡದ ಇರತೇನಿ. ಇವತ್ತ ಆಗಲಿಲ್ಲ. ಹಿಂಗ ನಗು ತಡಿಯಾಕ ಆಗದ ದಿನ ಇನ್ನೂ ನಾಕ ಬಂದ್ರ ಸಾಕ್ರಿ."