ಮನೆಯ ಮೊಲ, ಗಿರಣಿಯ ಮೊಲ

ಕಳೆದ ಶುಕ್ರವಾರ ಸಂಜೆ ಡಾಕ್ಟರು ನಮ್ಮ ಮನೆಯ ಬಾಗಿಲಲ್ಲಿ ನಿಂತು ಕೇಳಿದರು: "ಮೇಷ್ಟ್ರ, ನಿಮ್ಮ ಮನೀ ಮೊಲ ಯಾವಾಗರ ಹತ್ತಿ ಗಿರಣಿಗೆ ಹೋಗಿತ್ತೇನ್ರಿ?"

ನಾನು ನಕ್ಕುಬಿಟ್ಟೆ. ಮೊಲವೇನು ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತದೆಯೇ? ಡಾಕ್ಟರು ನಗಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಗಕ್ಕನೆ ನಿಂತಿತು.

ಮೊದಲಿನಿಂದ ಹೇಳುತ್ತೇನೆ, ಕೇಳಿ.

ನನ್ನ ಹೆಂಡತಿ ಗಿರಿಜಳಿಗೆ ಒಬ್ಬನೇ ಅಣ್ಣ, ಬಸಣ್ಣ. ಬಾದನಹಟ್ಟಿಯವರು. ತಂದೆತಾಯಿ ಬೇಗ ಹೋದದ್ದರಿಂದ ತಂಗಿಯನ್ನು ಸಾಕಿದವನು ಇವನೇ. ಅವಳ ಮದುವೆ ಮಾಡಿದ, ತಾನು ಮಾತ್ರ ಮಾಡಿಕೊಳ್ಳಲಿಲ್ಲ. ಬಳ್ಳಾರಿಯ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಕೌಲ್ ಬಜಾರಿನ ನಮ್ಮ ಬಾಡಿಗೆ ಮನೆಯಲ್ಲೇ ಇದ್ದ. (ಹೆಂಡತಿಯ ಅಣ್ಣ ಮನೆಯಲ್ಲಿದ್ದರೆ ಗಂಡನ ದನಿ ಅರ್ಧಕ್ಕೆ ಇಳಿಯುತ್ತದೆ. ಅನುಭವಿಗಳಿಗೆ ವಿವರ ಬೇಕಿಲ್ಲ.) ಸಂಜೆ ಬಂದವನು ಕಟ್ಟೆಯ ಮೇಲೆ ಕೂತು ತಲೆ ಬಗ್ಗಿಸುವನು. ಗಿರಿಜ ಅವನ ಹುಬ್ಬು, ಕಿವಿಗಳಿಂದ ಹತ್ತಿಯ ಎಳೆ ಹೆಕ್ಕುವಳು. "ಲೇ ಗಿರಿಜಿ, ನನ್ನ ಹಿಂಜಿ ಗಾದಿ ಮಾಡ್ತಿ ಏನು?" ಎನ್ನುವನು. ದಿನಾ ಇದೇ ಮಾತು. ದಿನಾ ಅವಳು ಹೊಸದೆಂಬಂತೆ ನಗುವಳು.

ಅವನಿಗೆ ಓದು ಬರುವುದಿಲ್ಲ. ಆದರೂ ಈ ಅಂಕಣವನ್ನು ಅಚ್ಚಿಗೆ ಕಳಿಸುವ ಮೊದಲು ಅವನ ಮುಂದೆ ಓದುತ್ತಿದ್ದೆ. "ಇದು ಬ್ಯಾಡ ಮೇಷ್ಟ್ರ, ಇಲ್ಲಿ ಶ್ಯಾಣ್ಯಾತನ ಮಾಡೀರಿ" ಎಂದರೆ ಆ ಸಾಲು ಹೋಯಿತು ಎಂದೇ ಲೆಕ್ಕ. ಈಚೆಗೆ ನನ್ನ ಬರಹ ಸಪ್ಪಗಾಗಿದೆ ಎಂದು ದೂರುವ ಓದುಗರೇ, ಕಾರಣ ತಿಳಿಯಿತೇ?

ಯಾಕೆಂದರೆ ಅವನೀಗ ಇಲ್ಲಿಲ್ಲ. ಸಿರುಗುಪ್ಪದಲ್ಲಿ, ಸೋದರತ್ತೆಯ ದನದ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿದ್ದಾನೆ. ಕೆಮ್ಮು ಹತ್ತಿತು. ಉಸಿರು ಸುಯ್ ಸುಯ್ ಎನ್ನತೊಡಗಿತು. ಕ್ಷಯ ಎಂದು ಓಣಿಯೇ ತೀರ್ಮಾನಿಸಿತು. ಮನೆಯ ಮಾಲೀಕರು ಬಂದು, "ಮೇಷ್ಟ್ರ, ವಠಾರದಾಗ ಸಣ್ಣ ಹುಡುಗ್ರು ಅದಾವ. ಕ್ಷಯ ಅಲ್ಲ ಅಂತ ಡಾಕ್ಟ್ರು ಖಾತ್ರಿ ಹೇಳಲಿ, ನಾಳೇನ ಬರ್ಲಿ. ಅಲ್ಲೀತನಕ ಬ್ಯಾಡ" ಎಂದರು. ಅವರ ಭಯ ಸುಳ್ಳಲ್ಲ. ನಾವು ಬಾಯಿ ತೆರೆಯುವುದರೊಳಗೆ ಬಸಣ್ಣನೇ ಹಾಸಿಗೆ ಸುತ್ತಿಕೊಂಡು ಇದ್ದಿಲ ಬಸ್ಸು ಹತ್ತಿದ. ಯುದ್ಧ ಮುಗಿದರೂ ನಮ್ಮ ಬಸ್ಸುಗಳು ಇನ್ನೂ ಇದ್ದಿಲ ಹೊಗೆಯ ಮೇಲೆಯೇ ಓಡುತ್ತಿವೆಯಲ್ಲ, ಕೆಮ್ಮುವವನಿಗೆ ಅದೊಂದು ಬೇರೆ.

ಅಂದಿನಿಂದ ಗಿರಿಜ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಾಳೆ. ಕೈಗೆ ರೂಢಿ. "ಆ ಕೆಮ್ಮು ಕೇಳಲಿಲ್ಲಂದ್ರ ನನಗ ನಿದ್ದಿ ಬರವಲ್ದುರಿ" ಎನ್ನುತ್ತಾಳೆ. ಕೆಮ್ಮಿಗಾಗಿ ಹಂಬಲಿಸುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಾನೂ ಹಾಗೇ ಆಗಿದ್ದೇನೆ.

ಇನ್ನು ಡಾಕ್ಟರು. ರೂಪನಗುಡಿಯವರು, ಮದ್ರಾಸಿನಲ್ಲಿ ಓದಿದವರು. ಬಸಣ್ಣನ ಕಫವನ್ನು ಮತ್ತೆ ಮತ್ತೆ ನೋಡಿದ್ದರು. ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. "ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ" ಎಂದು ತಾವೇ ಅನ್ನುತ್ತಿದ್ದರು. ಅವರಿಗೆ ಅನುಮಾನ ಹುಟ್ಟಿಸಿದ್ದು ಬೇರೆಯೇ. ಬಸಣ್ಣನಿಗೆ ಸೋಮವಾರ ಎದೆ ಬಿಗಿಯುತ್ತಿತ್ತು, ಭಾನುವಾರ ಆರಾಮ. "ಕ್ಷಯಕ್ಕ ಐತವಾರ ರಜಾ ಇರ್ತದೇನ್ರಿ?" ಎಂದರು. ಹತ್ತಿಯ ಧೂಳಿನಿಂದ ಬರುವ ಕಾಯಿಲೆಯೊಂದಿದೆಯಂತೆ. ನಮ್ಮ ಕಡೆ ಅದರ ಹೆಸರು ಕೇಳಿದವರೇ ಇಲ್ಲ. ಅದು ಒಬ್ಬರಿಂದೊಬ್ಬರಿಗೆ ಹತ್ತುವುದಿಲ್ಲ. ಆದರೆ ನಂಬಿಸುವುದು ಹೇಗೆ?

ಎಕ್ಸ್‌ಪೆರಿಮೆಂಟ್ ಮಾಡಿ! ಒಂದೇ ತಾಯಿಯ ಎರಡು ಬಿಳಿ ಮೊಲ ತಂದರು. ಒಂದರ ಪಂಜರ ಗಿರಣಿಯ ಧೂಳಿನಲ್ಲಿ, ಇನ್ನೊಂದರದು ನಮ್ಮ ಹಿತ್ತಲಲ್ಲಿ. ಗುರುತಿಗೆ ಮನೆಯ ಮೊಲದ ಕಿವಿಗೆ ನೇರಳೆ ಔಷಧ ಹಚ್ಚಿದರು. ಕೊನೆಗೆ ಎರಡನ್ನೂ ಕೊಂದು ಶ್ವಾಸಕೋಶ ಪರೀಕ್ಷಿಸುವುದು. (ಎರಡೇ ಮೊಲದಿಂದ ವಿಜ್ಞಾನ ಆಗುತ್ತದೆಯೇ ಎಂದು ಕೇಳಬೇಡಿ. ಅದು ಅವರಿಗೂ ಗೊತ್ತಿತ್ತು.) ಎರಡಕ್ಕೂ ಸೊಪ್ಪು ಹಾಕುವ ಕೆಲಸ ಗಿರಿಜಳದು. ಅಣ್ಣ ಮನೆಗೆ ಬರುವ ದಾರಿ ಅದೊಂದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಡಾಕ್ಟರು ಪರೀಕ್ಷೆಗೆಂದು ಎರಡನ್ನೂ ಒಯ್ಯುವ ತನಕ ಮನೆಯ ಮೊಲ ಹಿತ್ತಲು ದಾಟಿರಲಿಲ್ಲ ಎಂದೇ ನಾನು ನಂಬಿದ್ದೆ. ಹಾಗಾಗಿ ಶುಕ್ರವಾರ ಅವರ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ ಮೈಕ್ರಾಸ್ಕೋಪಿಗೆ ಕಣ್ಣು ಹಚ್ಚಿಸಿದರು. ಶ್ವಾಸಕೋಶದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ಇಟ್ಟಿದ್ದರು. ಗುಲಾಬಿ ಬಣ್ಣದ ಬಲೆಯಂತೆ ಕಂಡಿತು. ಕೆಲವು ಕಡೆ ಬಲೆಯ ಕಣ್ಣುಗಳು ಖಾಲಿ, ಅಲ್ಲಿ ಗಾಳಿ ಆಡುತ್ತದೆ. ಕೆಲವು ಕಡೆ ನೇರಳೆ ಚುಕ್ಕೆಗಳು ಕಿಕ್ಕಿರಿದು ಕಣ್ಣುಗಳೇ ಮುಚ್ಚಿದ್ದವು. ಅದು ಉರಿಯೂತವಂತೆ.

"ಇದು ಗಿರಣೀದು. ಈಗ ಮನೀದು ನೋಡ್ರಿ" ಎಂದು ಗಾಜು ಬದಲಿಸಿದರು.

ಅದೂ ಹಾಗೇ ಇತ್ತು. ಅಷ್ಟೇ ಖಾಲಿ, ಅಷ್ಟೇ ಮುಚ್ಚಿದ್ದು.

ಮನೆಗೆ ಮರಳಿದೆವು. ಗಿರಿಜ ಹೊಸ್ತಿಲ ಬಳಿ ಕಾದು ನಿಂತಿದ್ದಳು.

"ನಾನ ಅದ್ಲುಬದ್ಲು ಮಾಡೀನಿರಿ" ಎಂದಳು. ಸೊಪ್ಪು ಹಾಕಲು ಹೋದಾಗ ಗಿರಣಿಯ ಮೊಲ ಸುಯ್ ಸುಯ್ ಎನ್ನುತ್ತಿತ್ತಂತೆ. "ನಮ್ಮಣ್ಣನಂಗ ಉಸುರು ಬಿಡ್ತಿತ್ರಿ. ಅಲ್ಲೇ ಬಿಟ್ಟು ಬರಾಕ ಕಾಲು ಏಳಲಿಲ್ಲ." ಬುಟ್ಟಿಯಲ್ಲಿ ಸೆರಗು ಮುಚ್ಚಿ ಮನೆಗೆ ತಂದಳು, ಮನೆಯದನ್ನು ಅಲ್ಲಿಟ್ಟಳು, ಒಂದರ ಕಿವಿ ತಿಕ್ಕಿ ಇನ್ನೊಂದರ ಕಿವಿಗೆ ಬಣ್ಣ ಹಚ್ಚಿದಳು. ಬಂದದ್ದು ಚೇತರಿಸಿಕೊಂಡಿತು, ಹೋದದ್ದು ಸುಯ್ಗುಟ್ಟಿತು. ಮತ್ತೆ ಬುಟ್ಟಿ, ಮತ್ತೆ ಬಣ್ಣ. "ಅದು ಹಿತ್ತಲದಾಗ ಉಸುರು ಬಿಡೋದು ಕೇಳಿದ್ರ ನನಗ ನಿದ್ದಿ ಬರ್ತಿತ್ರಿ. ಅಣ್ಣ ಮನಿಯಾಗ ಅದಾನ ಅನಿಸ್ತಿತ್ತು."

ನಾನು ಗೋಡೆಯ ಕಡೆ ಮುಖ ಮಾಡಿದೆ. ಕಣ್ಣಿಗೆ ಧೂಳು ಬಿತ್ತು ಎಂದು ಬರೆದರೆ ಬಸಣ್ಣ ಆ ಸಾಲನ್ನು ಹೊಡೆದುಹಾಕಿಸುತ್ತಿದ್ದ. ಅತ್ತುಬಿಟ್ಟೆ, ಅಷ್ಟೇ.

ಡಾಕ್ಟರು ಬೈಯಲಿಲ್ಲ. ಕಟ್ಟೆಯ ಮೇಲೆ, ಬಸಣ್ಣ ಕೂರುತ್ತಿದ್ದ ಜಾಗದಲ್ಲೇ ಕೂತರು. "ತಂಗೀ, ಹೋಲ್ಸಾಕ ಒಂದು ಹಸನಾದ ಶ್ವಾಸಕೋಶ ಬೇಕಿತ್ತು. ಅದು ಉಳೀಲಿಲ್ಲ. ಕಫದಾಗ ಕ್ರಿಮಿ ಇಲ್ಲ, ನನ್ನ ಮನಸ್ಸಿಗೆ ಇದು ಕ್ಷಯ ಅಲ್ಲ. ಆದ್ರ ಖಾತ್ರಿ ಅಂತ ಹ್ಯಾಂಗ ಹೇಳ್ಲಿ?"

"ಗಿರಣಿ ಬಿಟ್ಟು ಮನಿಗೆ ಬಂದಾಗ ಅದು ಆರಾಮಾತೋ ಇಲ್ಲೋ, ಅಷ್ಟು ಹೇಳ್ರಿ."

"ಆಗಿರಬೇಕು. ಆದ್ರ ಅದು ಸೈನ್ಸ್ ಅಲ್ಲ ತಂಗೀ."

"ಸೈನ್ಸ್ ನಿಮ್ದು ಇರ್ಲಿ. ಅಣ್ಣ ನಂದು."

ಡಾಕ್ಟರು ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟಿದರು. ಆಮೇಲೆ, "ಕರಕೊಂಡು ಬರ್ರಿ. ಗಿರಣಿಗೆ ಮಾತ್ರ ಕಳಿಸಬ್ಯಾಡ್ರಿ. ಗಾಳಿ ಆಡೋ ಖೋಲ್ಯಾಗ ಇರ್ಲಿ, ಕಫ ನಾನು ನೋಡ್ತಾ ಇರ್ತೀನಿ. ಮಾಲೀಕರ ಮುಂದ ನಾನೂ ಬಂದು ನಿಂದರ್ತೀನಿ" ಎಂದರು.

ಬೀದಿ ಕಡೆಯ ಕೋಣೆ ತೊಳೆದಾಗಿದೆ. ಈ ಸಾಲು ಅಚ್ಚಾಗುವ ಹೊತ್ತಿಗೆ ನಾವು ಸಿರುಗುಪ್ಪದ ಬಸ್ಸಿನಲ್ಲಿರುತ್ತೇವೆ. ನಮ್ಮ ಮಾಲೀಕರು ಈ ಪತ್ರಿಕೆಯ ಖಾಯಂ ಓದುಗರು, ನನ್ನ ಅಂಕಣವನ್ನಂತೂ ತಪ್ಪಿಸುವುದಿಲ್ಲ. ಅವರಿಗೊಂದೇ ಪ್ರಶ್ನೆ. ನಿಮ್ಮದೇ ಹಿತ್ತಲಲ್ಲಿ ಗಿರಣಿಯ ಮೊಲ ಬಂದು ಉಸಿರಾಡಿ ಹೋಯಿತು, ನೀವು ಏನೂ ಅನ್ನಲಿಲ್ಲ. ಬಸಣ್ಣ ಬಂದರೆ ಬಾಗಿಲು ಹಾಕುತ್ತೀರಾ?